ಹೆಚ್ಚುವರಿ ಡಿಫೆನ್ಸಿವ್ ಲೈನ್‌ಮನ್‌ನನ್ನು ಕೊಟ್ಟು ಅಫೆನ್ಸಿವ್ ಲೈನ್ ಬಲಪಡಿಸುವುದು ಹೇಗೆ: ಎನ್‌ಎಫ್‌ಎಲ್ ಟ್ರೇಡ್ ತೂಗಿ ನೋಡುವವರಿಗೆ ಒಂದು ಮಾರ್ಗದರ್ಶಿ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡವೊಂದನ್ನು ಮನಸ್ಸಿಗೆ ಹಚ್ಚಿಕೊಂಡವರ ನಡುವೆ ಪ್ರತಿ ಆಗಸ್ಟ್‌ನಲ್ಲೂ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ. ನಮ್ಮಲ್ಲಿ ಎದುರಾಳಿಯ ದಾಳಿಯನ್ನು ಮುಂಚೂಣಿಯಲ್ಲಿ ತಡೆಯುವ ಡಿಫೆನ್ಸಿವ್ ಲೈನ್‌ಮನ್‌ಗಳು ಅಗತ್ಯಕ್ಕಿಂತ ಹೆಚ್ಚಿದ್ದಾರೆ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಅಫೆನ್ಸಿವ್ ಲೈನ್ ಸೊರಗಿದೆ, ಆದ್ದರಿಂದ ಅಲ್ಲಿಂದ ಒಬ್ಬನನ್ನು ಕೊಟ್ಟು ಇಲ್ಲಿಗೆ ಒಬ್ಬನನ್ನು ತಂದರೆ ಲೆಕ್ಕ ಸರಿಹೋಗುತ್ತದೆ ಎಂಬುದೇ ಆ ಸಲಹೆ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ನಡೆದ ಟ್ರೇಡ್‌ಗಳನ್ನು (ತಂಡಗಳ ನಡುವಿನ ಆಟಗಾರರ ವಿನಿಮಯ) ಒಂದೊಂದಾಗಿ ತೆಗೆದು ನೋಡಿದರೆ ಹೀಗೆ ನೇರವಾಗಿ ಅದಲುಬದಲಾದವು ಕಡಿಮೆ, ಕೊಟ್ಟ ತಂಡಕ್ಕೆ ಲಾಭವಾದವು ಇನ್ನೂ ಕಡಿಮೆ. ಅಮೆರಿಕದಲ್ಲಿ ನೆಲೆಸಿ ಈ ಆಟಕ್ಕೆ ಭಾನುವಾರಗಳನ್ನು ಕೊಟ್ಟಿರುವ ಕನ್ನಡಿಗರಿಗೆ, ಕರ್ನಾಟಕದಲ್ಲಿ ನಿದ್ದೆಗೆಟ್ಟು ಪಂದ್ಯ ನೋಡುವವರಿಗೆ, ಮ್ಯಾಡನ್ ವಿಡಿಯೊ ಗೇಮ್‌ನಲ್ಲಿ ತಂಡ ನಡೆಸುವವರಿಗೆ ಇಂಥ ಪ್ರಸ್ತಾಪವನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂದು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲ ಹೆಜ್ಜೆ: ತಲೆ ಎಣಿಸಬೇಡಿ, ಸ್ನ್ಯಾಪ್ ಎಣಿಸಿ

ಅಫೆನ್ಸಿವ್ ಲೈನ್‌ನಲ್ಲಿ ಐದು ಸ್ಥಾನಗಳಿವೆ: ಎರಡು ಬದಿಗಳಲ್ಲಿ ಟ್ಯಾಕಲ್‌ಗಳು, ಅವರ ಒಳಗೆ ಇಬ್ಬರು ಗಾರ್ಡ್‌ಗಳು, ನಡುವೆ ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್. ಹೀಗೆ ಚೆಂಡು ಹಿಂದಕ್ಕೆ ಬಂದು ಆಟದ ಒಂದೊಂದು ತುಣುಕು ಶುರುವಾಗುವುದೇ ಸ್ನ್ಯಾಪ್. ಗಾಯವಾಗದಿದ್ದರೆ ಈ ಐವರೇ ಪಂದ್ಯದ ಮೊದಲ ಸ್ನ್ಯಾಪ್‌ನಿಂದ ಕೊನೆಯ ಸ್ನ್ಯಾಪ್‌ವರೆಗೆ ಆಡುತ್ತಾರೆ. ಡಿಫೆನ್ಸಿವ್ ಲೈನ್‌ನ ಪದ್ಧತಿ ಬೇರೆ. ನೂರಮೂವತ್ತು, ನೂರನಲವತ್ತು ಕಿಲೊ ತೂಗುವ ಆಟಗಾರ ಪ್ರತಿ ಸ್ನ್ಯಾಪ್‌ನಲ್ಲೂ ಎದುರಾಳಿಯನ್ನು ತಳ್ಳಿಕೊಂಡು ಓಡಿದರೆ ಮೂರನೇ ಕ್ವಾರ್ಟರ್ ಹೊತ್ತಿಗೆ ಬಸವಳಿಯುತ್ತಾನೆ, ಹೀಗಾಗಿ ಎಂಟೊಂಬತ್ತು ಜನರನ್ನು ಸರದಿಯ ಮೇಲೆ ಒಳಗೆ ಹೊರಗೆ ಕಳಿಸುವುದು ವಾಡಿಕೆ. ಹೊರಗಿನವರಿಗೆ ಹೆಚ್ಚುವರಿಯಂತೆ ಕಾಣುವ ಆರನೆಯ ಅಥವಾ ಏಳನೆಯ ಆಟಗಾರ ಎಷ್ಟೋ ತಂಡಗಳಲ್ಲಿ ಮೂರನೇ ಒಂದು ಭಾಗದಷ್ಟು ಸ್ನ್ಯಾಪ್ ಆಡುತ್ತಿರುತ್ತಾನೆ.

ಆದ್ದರಿಂದ ಹೆಸರುಗಳ ಪಟ್ಟಿಯನ್ನು ಬದಿಗಿಟ್ಟು ಹಿಂದಿನ ಋತುವಿನ ಸ್ನ್ಯಾಪ್ ಲೆಕ್ಕವನ್ನು ತೆರೆಯಿರಿ. ಪ್ರತಿ ಪಂದ್ಯದ ಲೆಕ್ಕವೂ ಪ್ರಕಟವಾಗುತ್ತದೆ. ಒಳಗಿನ ಡಿಫೆನ್ಸಿವ್ ಟ್ಯಾಕಲ್‌ಗಳನ್ನೂ ಹೊರ ಅಂಚಿನಿಂದ ನುಗ್ಗುವ ಎಡ್ಜ್ ರಷರ್‌ಗಳನ್ನೂ ಎರಡು ಪಟ್ಟಿಗಳಾಗಿ ಬರೆದುಕೊಳ್ಳಿ, ಏಕೆಂದರೆ ಇವರಲ್ಲಿ ಒಬ್ಬರು ಸಾಮಾನ್ಯವಾಗಿ ಇನ್ನೊಬ್ಬರ ಕೆಲಸ ಮಾಡಲಾರರು. ಎರಡೂ ಪಟ್ಟಿಗಳಿಂದ ಗಾಯವಾಗಬಹುದಾದ ಒಬ್ಬೊಬ್ಬನನ್ನು ತೆಗೆದುಹಾಕಿ. ಇಷ್ಟಾದ ಮೇಲೂ ಪ್ರತಿ ಪಟ್ಟಿಯಲ್ಲಿ ನಂಬಬಹುದಾದ ನಾಲ್ವರು ಉಳಿದರೆ ಮಾತ್ರ ಹೆಚ್ಚುವರಿ ಇದೆ ಎನ್ನಬಹುದು. ಇದು ನಿಯಮಪುಸ್ತಕದ ಮಾತಲ್ಲ, ನಾನು ಪಾಲಿಸುವ ಅಳತೆ, ಆದರೆ ಡಿಸೆಂಬರ್‌ನಲ್ಲಿ ತಂಡಗಳು ಪಡುವ ಪಾಡನ್ನು ನೋಡಿದರೆ ಇದಕ್ಕಿಂತ ಸಡಿಲವಾದ ಅಳತೆ ಅಪಾಯಕಾರಿ.

ಈ ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ 2021ರ ಆಗಸ್ಟ್ 30ರಂದು ನ್ಯೂಯಾರ್ಕ್ ಜೈಂಟ್ಸ್ ಮತ್ತು ಸಿನ್ಸಿನಾಟಿ ಬೆಂಗಾಲ್ಸ್ ನಡುವೆ ನಡೆದ ಟ್ರೇಡ್‌ಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಜೈಂಟ್ಸ್ ತಂಡದ ಡಿಫೆನ್ಸಿವ್ ಲೈನ್‌ನಲ್ಲಿ ಲೆನಾರ್ಡ್ ವಿಲಿಯಮ್ಸ್, ಡೆಕ್ಸ್ಟರ್ ಲಾರೆನ್ಸ್ ಇದ್ದರು. 2018ರ ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ವಾರ್ಷಿಕ ಪ್ರಕ್ರಿಯೆ) ಮೂರನೇ ಸುತ್ತಿನಲ್ಲಿ ಆಯ್ಕೆಯಾಗಿ ಮೊದಲ ವರ್ಷವೇ ಐದೂವರೆ ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಗಳಿಸಿದ್ದ ಬಿ.ಜೆ. ಹಿಲ್, 2019ರ ನಡುವೆ ವಿಲಿಯಮ್ಸ್ ಬಂದ ನಂತರ ಹಿಂದಕ್ಕೆ ಸರಿದಿದ್ದ. ಇತ್ತ ಅಫೆನ್ಸಿವ್ ಲೈನ್‌ನ ಇಬ್ಬರು ಹಿರಿಯರು ತರಬೇತಿ ಶಿಬಿರದ ಹೊತ್ತಿನಲ್ಲೇ ನಿವೃತ್ತಿ ಘೋಷಿಸಿದ್ದರಿಂದ ತಂಡ ಪರದಾಡುತ್ತಿತ್ತು. ಹಿಲ್‌ನನ್ನು ಕೊಟ್ಟು ಬೆಂಗಾಲ್ಸ್‌ನ ಸೆಂಟರ್ ಬಿಲ್ಲಿ ಪ್ರೈಸ್‌ನನ್ನು ಜೈಂಟ್ಸ್ ತಂದುಕೊಂಡಿತು. ಪ್ರೈಸ್ ಆ ವರ್ಷ ಆಡಿದ್ದು ನಿಜ. ಋತುವಿನ ಆರಂಭದಲ್ಲೇ ನಿಕ್ ಗೇಟ್ಸ್‌ನ ಕಾಲು ಮುರಿದ ಕಾರಣ ಬಹುತೇಕ ಪಂದ್ಯಗಳಲ್ಲಿ ಅವನೇ ಸೆಂಟರ್ ಸ್ಥಾನದಲ್ಲಿ ನಿಂತ. ತಂಡ 4 ಗೆದ್ದು 13 ಸೋತಿತು, ವರ್ಷಾಂತ್ಯಕ್ಕೆ ಪ್ರೈಸ್‌ನ ಒಪ್ಪಂದ ಮುಗಿಯಿತು, ಅವನು ಹೊರಟುಹೋದ.

ಹಿತ್ತಲ ಗಿಡ ಮದ್ದಲ್ಲವೆಂದು ಜೈಂಟ್ಸ್ ಕಿತ್ತುಕೊಟ್ಟ ಹಿಲ್ ಸಿನ್ಸಿನಾಟಿಯಲ್ಲಿ ಮತ್ತೆ ಐದೂವರೆ ಸ್ಯಾಕ್ ಗಳಿಸಿದ. ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಲ್ಯಾರಿ ಒಗುಂಜೋಬಿ ಗಾಯಗೊಂಡಾಗ ಅವನ ಜಾಗ ತುಂಬಿದ, 2022ರ ಜನವರಿ 30ರ ಎಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಫೈನಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡನ್ನು ನಡುವೆಯೇ ಹಿಡಿದ. ಬೆಂಗಾಲ್ಸ್ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಮಾರ್ಚ್‌ನಲ್ಲಿ ಹಿಲ್‌ಗೆ ಮೂರು ವರ್ಷಕ್ಕೆ 3 ಕೋಟಿ ಡಾಲರ್‌ಗಳ ಒಪ್ಪಂದ ಸಿಕ್ಕಿತು. ಗಮನಿಸಬೇಕಾದದ್ದೇನೆಂದರೆ, ಬೆಂಗಾಲ್ಸ್‌ಗೂ ಒಗುಂಜೋಬಿ ಗಾಯಗೊಳ್ಳುವವರೆಗೆ ಹಿಲ್ ಒಂದು ಅರ್ಥದಲ್ಲಿ ಹೆಚ್ಚುವರಿಯೇ ಆಗಿದ್ದ.

ಎರಡನೆಯ ಹೆಜ್ಜೆ: ತೂತು ಎಲ್ಲಿದೆ ಎಂದು ಹೆಸರಿಸಿ

'ಅಫೆನ್ಸಿವ್ ಲೈನ್ ಚೆನ್ನಾಗಿಲ್ಲ' ಎನ್ನುವುದು ದೂರು, ಅದನ್ನು ಇಟ್ಟುಕೊಂಡು ಮಾರುಕಟ್ಟೆಗೆ ಹೋಗಲಾಗದು. ಐದರಲ್ಲಿ ಯಾವ ಸ್ಥಾನ, ತೊಂದರೆ ಪಾಸ್ ಎಸೆಯುವವನನ್ನು ಕಾಯುವುದರಲ್ಲೋ ಓಟಕ್ಕೆ ದಾರಿ ಮಾಡುವುದರಲ್ಲೋ, ಕೊರತೆ ಒಬ್ಬನ ಗಾಯದಿಂದ ಬಂದ ಆರು ವಾರಗಳದ್ದೋ ಮುಂದಿನ ವರ್ಷಕ್ಕೂ ಉಳಿಯುವಂಥದ್ದೋ ಎಂದು ಬರೆದುಕೊಳ್ಳಿ. ಆರು ವಾರಗಳ ಕೊರತೆಗೆ ನಾಲ್ಕು ವರ್ಷ ಆಡಬಲ್ಲ ಡಿಫೆನ್ಸಿವ್ ಟ್ಯಾಕಲ್‌ನನ್ನು ಕೊಡುವುದು ದುಂದು.

ಸ್ಯಾಕ್‌ಗಳ ಸಂಖ್ಯೆಯೊಂದನ್ನೇ ನೋಡಿ ತೀರ್ಪು ಕೊಡಬೇಡಿ. 2018ರಲ್ಲಿ ಹ್ಯೂಸ್ಟನ್‌ನ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ 62 ಬಾರಿ, 2023ರಲ್ಲಿ ವಾಷಿಂಗ್ಟನ್‌ನ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಹಾವೆಲ್ 65 ಬಾರಿ ನೆಲಕ್ಕುರುಳಿದರು. ಇಬ್ಬರೂ ಚೆಂಡನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಅವಕಾಶ ಹುಡುಕುವ ಸ್ವಭಾವದವರಾದ್ದರಿಂದ ಅಷ್ಟೂ ಹೊಣೆಯನ್ನು ಲೈನ್ ಮೇಲೆ ಹೊರಿಸುವುದು ನ್ಯಾಯವಲ್ಲ. ಎದುರಾಳಿ ಒಳಗೆ ಬರಲು ಎಷ್ಟು ಹೊತ್ತು ಹಿಡಿಯಿತು, ಯಾವ ಸ್ಥಾನದಿಂದ ಬಂದ ಎಂಬುದನ್ನು ಪಂದ್ಯದ ಚಿತ್ರಣವನ್ನು ಮತ್ತೆ ನೋಡಿ ಗುರುತಿಸಿದರೆ ನಿಮಗೆ ಬೇಕಾದವನು ಟ್ಯಾಕಲ್ಲೋ ಗಾರ್ಡೋ ಎಂಬುದು ತಾನಾಗಿ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಎದುರಿನ ತಂಡ ಏಕೆ ಕೊಡುತ್ತಿದೆ ಎಂದು ಕೇಳಿ

ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ ಒಳ್ಳೆಯ ಅಫೆನ್ಸಿವ್ ಲೈನ್‌ಮನ್‌ಗಳನ್ನು ಹೆಚ್ಚುವರಿಯಾಗಿ ಇಟ್ಟುಕೊಂಡವರು ಯಾರೂ ಇಲ್ಲವೆಂದರೂ ತಪ್ಪಾಗದು. ನಿಯಮಗಳೂ ಅವರನ್ನು ಉಳಿಸಿಕೊಳ್ಳುವುದಕ್ಕೆ ಒತ್ತಾಸೆ ಕೊಡುತ್ತವೆ: 53 ಜನರ ಪಟ್ಟಿಯಿಂದ ಪಂದ್ಯದ ದಿನ 48 ಜನರನ್ನು ಕಣಕ್ಕಿಳಿಸಬೇಕಾದರೆ ಅವರಲ್ಲಿ ಕನಿಷ್ಠ ಎಂಟು ಮಂದಿ ಅಫೆನ್ಸಿವ್ ಲೈನ್‌ಮನ್‌ಗಳಿರಬೇಕು, ಇಲ್ಲವಾದರೆ 47ಕ್ಕೇ ನಿಲ್ಲಬೇಕು. ಹೀಗಿರುವಾಗ ಆಟಗಾರನಿಗೆ ಆಟಗಾರ ಎಂಬ ಲೆಕ್ಕದಲ್ಲಿ ನಿಮಗೆ ಸಿಗುವವನು ಬಹುಮಟ್ಟಿಗೆ ಎದುರಿನ ತಂಡ ಕೈಬಿಟ್ಟವನೇ ಆಗಿರುತ್ತಾನೆ. ಪ್ರೈಸ್ 2018ರ ಡ್ರಾಫ್ಟ್‌ನ 21ನೆಯ ಆಯ್ಕೆ. ಮೊದಲ ಸುತ್ತಿನಲ್ಲಿ ಬಂದವರ ಒಪ್ಪಂದವನ್ನು ಐದನೆಯ ವರ್ಷಕ್ಕೆ ವಿಸ್ತರಿಸಲು ತಂಡಕ್ಕಿರುವ ಅವಕಾಶವನ್ನು ಬೆಂಗಾಲ್ಸ್ 2021ರ ಮೇ ತಿಂಗಳಲ್ಲೇ ನಿರಾಕರಿಸಿತ್ತು. ತಾವೇ ಮೂರು ವರ್ಷ ತರಬೇತಿ ಕೊಟ್ಟವನನ್ನು ಐದನೆಯ ವರ್ಷಕ್ಕೆ ಬೇಡವೆಂದವರು ಅವನ ಬಗ್ಗೆ ಹೊರಗಿನವರಿಗಿಂತ ಹೆಚ್ಚು ಬಲ್ಲರು.

ಇದಕ್ಕೆ ಅಪವಾದಗಳಿವೆ. 2015ರ ಮಾರ್ಚ್‌ನಲ್ಲಿ ಸಿಯಾಟಲ್ ತಂಡ ತನ್ನ ಸೆಂಟರ್ ಮ್ಯಾಕ್ಸ್ ಅಂಗರ್‌ನನ್ನು ಮೊದಲ ಸುತ್ತಿನ ಆಯ್ಕೆಯ (ಡ್ರಾಫ್ಟ್‌ನಲ್ಲಿ ಆಟಗಾರನನ್ನು ಆರಿಸುವ ಹಕ್ಕು) ಜೊತೆ ನ್ಯೂ ಆರ್ಲಿಯನ್ಸ್‌ಗೆ ಕೊಟ್ಟಿತು. ಆದರೆ ಅದಕ್ಕೆ ನ್ಯೂ ಆರ್ಲಿಯನ್ಸ್ ಕೊಟ್ಟದ್ದು ಲೀಗ್‌ನ ಅತ್ಯುತ್ತಮ ಟೈಟ್ ಎಂಡ್‌ಗಳಲ್ಲಿ (ಪಾಸ್ ಹಿಡಿಯುವ, ಎದುರಾಳಿಯನ್ನು ತಡೆಯುವ ಆಟಗಾರ) ಒಬ್ಬನಾಗಿದ್ದ ಜಿಮ್ಮಿ ಗ್ರಹಾಂನನ್ನು. ಒಳ್ಳೆಯ ಲೈನ್‌ಮನ್ ಬೇಕಾದರೆ ತಾರೆಯನ್ನೇ ಕೊಡಬೇಕು, ಸರದಿಯ ನಾಲ್ಕನೆಯವನನ್ನು ಕೊಟ್ಟರೆ ಆಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮಾರುವುದನ್ನೂ ಕೊಳ್ಳುವುದನ್ನೂ ಬೇರೆ ಬೇರೆಯಾಗಿ ಮಾಡಿ

ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಪಾಸ್ ರಷರ್‌ಗಳಿಗೆ ಗಿರಾಕಿಗಳು ಯಾವಾಗಲೂ ಇರುತ್ತಾರೆ. ನಿಮ್ಮ ಆಟಗಾರನನ್ನು ಹೆಚ್ಚು ಬೆಲೆ ಕೊಡುವ ತಂಡಕ್ಕೆ ಡ್ರಾಫ್ಟ್ ಆಯ್ಕೆಗೆ ಮಾರಿ, ಆ ಆಯ್ಕೆಯನ್ನು ಹಿಡಿದು ಲೈನ್‌ಮನ್ ಇರುವ ಇನ್ನೊಂದು ತಂಡದ ಬಳಿಗೆ ಹೋಗುವುದು ಅಥವಾ ಡ್ರಾಫ್ಟ್‌ನಲ್ಲಿ ಆರಿಸುವುದು ಲೇಸು. ನಿಮಗೆ ಲೈನ್‌ಮನ್ ಕೊಡಬಲ್ಲ ತಂಡಕ್ಕೇ ನಿಮ್ಮ ಡಿಫೆನ್ಸಿವ್ ಟ್ಯಾಕಲ್ ಬೇಕಾಗಿರುವುದು, ಅದೂ ಒಂದೇ ವಾರದಲ್ಲಿ, ಅಪರೂಪದ ಯೋಗ.

ಆದರೆ ಕೈಗೆ ಬಂದ ಆಯ್ಕೆ ಲೈನ್‌ಗೇ ಹೋಗುತ್ತದೆ ಎಂಬ ಭರವಸೆಯಿಲ್ಲ, ಇದನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ನ್ಯೂಯಾರ್ಕ್ ಜೆಟ್ಸ್‌ನ ಕಥೆ ಇದಕ್ಕೆ ಸಾಕ್ಷಿ. ಮುಹಮ್ಮದ್ ವಿಲ್ಕರ್‌ಸನ್, ಶೆಲ್ಡನ್ ರಿಚರ್ಡ್‌ಸನ್ ಇಬ್ಬರೂ ಇದ್ದಾಗಲೇ 2015ರಲ್ಲಿ ಆರನೆಯ ಆಯ್ಕೆಯಲ್ಲಿ ಲೆನಾರ್ಡ್ ವಿಲಿಯಮ್ಸ್‌ನನ್ನು ತಂಡ ತಂದುಕೊಂಡಿತ್ತು, ಹೆಚ್ಚುವರಿ ಎಂಬ ಮಾತಿಗೆ ಅದಕ್ಕಿಂತ ತಕ್ಕ ತಂಡ ಆಗ ಇರಲಿಲ್ಲ. 2017ರ ಸೆಪ್ಟೆಂಬರ್ ಆರಂಭದಲ್ಲಿ ರಿಚರ್ಡ್‌ಸನ್‌ನನ್ನು ಸಿಯಾಟಲ್‌ಗೆ ಕೊಟ್ಟು ರಿಸೀವರ್ ಜರ್ಮೇನ್ ಕರ್ಸ್ ಮತ್ತು ಎರಡನೇ ಸುತ್ತಿನ ಆಯ್ಕೆಯನ್ನು ಪಡೆಯಿತು. ಮರುವರ್ಷ ಆ ಆಯ್ಕೆಯೂ ಸೇರಿ ನಾಲ್ಕನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಒಪ್ಪಿಸಿ, ಮೂರನೆಯ ಸ್ಥಾನಕ್ಕೇರಿ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್‌ನನ್ನು ಆರಿಸಿತು. ಜೆಟ್ಸ್‌ನಿಂದ ಬಂದ ಆರನೆಯ ಮತ್ತು ಮೂವತ್ತೇಳನೆಯ ಆಯ್ಕೆಗಳಲ್ಲಿ ಕೋಲ್ಟ್ಸ್ ಆರಿಸಿಕೊಂಡದ್ದು ಕ್ವೆಂಟನ್ ನೆಲ್ಸನ್‌ನನ್ನೂ ಬ್ರೇಡನ್ ಸ್ಮಿತ್‌ನನ್ನೂ, ಇಬ್ಬರೂ ಅಫೆನ್ಸಿವ್ ಲೈನ್‌ಮನ್‌ಗಳು. ಡಿಫೆನ್ಸಿವ್ ಲೈನ್‌ನ ಸಮೃದ್ಧಿ ಜೆಟ್ಸ್‌ನದಾಗಿತ್ತು, ಅಫೆನ್ಸಿವ್ ಲೈನ್ ಕಟ್ಟಿಕೊಂಡವರು ಕೋಲ್ಟ್ಸ್.

ವಾಷಿಂಗ್ಟನ್‌ನಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಆಯಿತು. 2017ರಿಂದ 2020ರವರೆಗೆ ನಾಲ್ಕು ವರ್ಷ ಸತತವಾಗಿ ಮೊದಲ ಸುತ್ತಿನಲ್ಲಿ ಒಬ್ಬೊಬ್ಬ ಡಿಫೆನ್ಸಿವ್ ಲೈನ್‌ಮನ್‌ನನ್ನು (ಜೊನಾಥನ್ ಆ್ಯಲನ್, ಡರಾನ್ ಪೇನ್, ಮಾಂಟೆಜ್ ಸ್ವೆಟ್, ಚೇಸ್ ಯಂಗ್) ಆರಿಸಿದ ತಂಡ 2023ರ ಅಕ್ಟೋಬರ್ 31ರಂದು ಒಂದೇ ದಿನ ಸ್ವೆಟ್‌ನನ್ನು ಶಿಕಾಗೊಗೂ ಯಂಗ್‌ನನ್ನು ಸ್ಯಾನ್ ಫ್ರಾನ್ಸಿಸ್ಕೊಗೂ ಕಳಿಸಿ ಎರಡನೇ ಮತ್ತು ಮೂರನೇ ಸುತ್ತಿನ ಆಯ್ಕೆಗಳನ್ನು ಪಡೆಯಿತು. ಹಾವೆಲ್ 65 ಸ್ಯಾಕ್ ಉಂಡದ್ದು ಇದೇ ಋತುವಿನಲ್ಲಿ. ಹಾಗಿದ್ದೂ ಆ ಆಯ್ಕೆಗಳಿಂದ ಮುಂದಿನ ಡ್ರಾಫ್ಟ್‌ನಲ್ಲಿ ಅಫೆನ್ಸಿವ್ ಲೈನ್‌ಮನ್ ಯಾರೂ ಬರಲಿಲ್ಲ.

ಬೆಲೆ ಕಟ್ಟುವಾಗ ಇನ್ನೊಂದು ಹೋಲಿಕೆ ಬೇಕು. ಒಪ್ಪಂದದ ಕೊನೆಯ ವರ್ಷದಲ್ಲಿರುವ ಆಟಗಾರನನ್ನು ಮಾರದೆ ಉಳಿಸಿಕೊಂಡು, ಮಾರ್ಚ್‌ನಲ್ಲಿ ಅವನು ಬೇರೆ ತಂಡದೊಂದಿಗೆ ದೊಡ್ಡ ಒಪ್ಪಂದ ಮಾಡಿಕೊಂಡರೆ ಮರುವರ್ಷ ಪರಿಹಾರದ ಆಯ್ಕೆ ಸಿಗಬಹುದು. ಅದು ಮೂರನೇ ಸುತ್ತಿನ ಕೊನೆಯಿಂದ ಏಳನೇ ಸುತ್ತಿನವರೆಗೆ ಎಲ್ಲಿಯಾದರೂ ಬೀಳಬಹುದು, ನೀವೇ ಆ ವರ್ಷ ಹೊರಗಿನಿಂದ ದುಬಾರಿ ಆಟಗಾರರನ್ನು ಕೊಂಡರೆ ಸಿಗದೆಯೂ ಹೋಗಬಹುದು. ಐದನೇ ಸುತ್ತಿನ ಆಯ್ಕೆ ಕೊಡುತ್ತೇವೆಂದು ಯಾರಾದರೂ ಮುಂದೆ ಬಂದರೆ ಮೊದಲು ಈ ಲೆಕ್ಕ ಹಾಕಿ.

ಐದನೆಯ ಹೆಜ್ಜೆ: ಹಣ

ತಂಡವೊಂದು ಸಂಬಳಕ್ಕೆ ವ್ಯಯಿಸಬಹುದಾದ ಮಿತಿಯಾದ ಸ್ಯಾಲರಿ ಕ್ಯಾಪ್ 2023ರಲ್ಲಿ 22.48 ಕೋಟಿ ಡಾಲರ್ ಇದ್ದದ್ದು 2025ರಲ್ಲಿ 27.92 ಕೋಟಿಗೆ ಏರಿದೆ, ಆದರೂ ಅನೇಕ ತಂಡಗಳು ಅದರ ಅಂಚಿನಲ್ಲೇ ಬದುಕುತ್ತವೆ. ಸಹಿ ಬೋನಸ್‌ನ ಮೊತ್ತವನ್ನು ಕೈಗೆ ಬೇಗ ಕೊಟ್ಟರೂ ಲೆಕ್ಕದಲ್ಲಿ ಗರಿಷ್ಠ ಐದು ವರ್ಷಗಳಿಗೆ ಹಂಚಲಾಗುತ್ತದೆ. ಆಟಗಾರನನ್ನು ಟ್ರೇಡ್ ಮಾಡಿದ ಕೂಡಲೇ ಇನ್ನೂ ಲೆಕ್ಕಕ್ಕೆ ಬಾರದ ಪಾಲು ಕೊಟ್ಟ ತಂಡದ ಮೇಲೆಯೇ ಬೀಳುತ್ತದೆ. ಜೂನ್ 1ರ ನಂತರ ಕೊಟ್ಟರೆ ಆ ವರ್ಷದ ಪಾಲು ಮಾತ್ರ ಈ ವರ್ಷಕ್ಕೆ, ಉಳಿದದ್ದು ಮುಂದಿನ ವರ್ಷಕ್ಕೆ. ಪಡೆದ ತಂಡ ಹೊರಬೇಕಾದದ್ದು ಮುಂದಿನ ಸಂಬಳವನ್ನು. ಇದರಿಂದಾಗಿ ದೊಡ್ಡ ಒಪ್ಪಂದದ ಹಿರಿಯನನ್ನು ಮಾರುವುದು ದುಬಾರಿ, ನಾಲ್ಕು ವರ್ಷದ ರೂಕಿ (ಹೊಸ ಆಟಗಾರರ) ಒಪ್ಪಂದದಲ್ಲಿರುವವನನ್ನು ಮಾರುವುದು ಅಗ್ಗ. ತಂಡಗಳು ಮಾರಲು ಮನಸ್ಸು ಮಾಡುವುದು ಈ ಕಿರಿಯರನ್ನೇ, ಉಳಿಸಿಕೊಳ್ಳಲು ಹೆಚ್ಚು ಯೋಗ್ಯರಾದವರೂ ಅವರೇ.

ಹಣವನ್ನೇ ಬೆಲೆಯಾಗಿ ಬಳಸುವ ಒಂದು ದಾರಿಯೂ ಉಂಟು. 2023ರ ಅಕ್ಟೋಬರ್ ಕೊನೆಯಲ್ಲಿ ಜೈಂಟ್ಸ್ ಲೆನಾರ್ಡ್ ವಿಲಿಯಮ್ಸ್‌ನನ್ನು ಸಿಯಾಟಲ್‌ಗೆ ಕೊಟ್ಟಾಗ ಉಳಿದ ಸಂಬಳದ ಬಹುಪಾಲನ್ನು ತಾನೇ ಭರಿಸಿ, ಎಂಟು ತಿಂಗಳಲ್ಲಿ ಮೂವತ್ತು ತುಂಬಲಿದ್ದ ಆಟಗಾರನಿಗೆ ಎರಡನೇ ಮತ್ತು ಐದನೇ ಸುತ್ತಿನ ಆಯ್ಕೆಗಳನ್ನು ಗಿಟ್ಟಿಸಿಕೊಂಡಿತು. ನಿಮ್ಮ ತಂಡಕ್ಕೆ ಆ ವರ್ಷ ಗೆಲುವಿನ ಆಸೆಯಿಲ್ಲದೆ, ಕ್ಯಾಪ್‌ನಲ್ಲಿ ಜಾಗವಿದ್ದರೆ ಇದು ಯೋಗ್ಯವಾದ ಉಪಾಯ.

ಆರನೆಯ ಹೆಜ್ಜೆ: ಕಾಲ

ಟ್ರೇಡ್‌ನ ಬಾಗಿಲು ಮಾರ್ಚ್ ಮಧ್ಯದಲ್ಲಿ ಹೊಸ ಲೀಗ್ ವರ್ಷದೊಂದಿಗೆ ತೆರೆದು, 2024ರಿಂದೀಚೆಗೆ ಒಂಬತ್ತನೇ ವಾರದ ನಂತರದ ಮಂಗಳವಾರ ಮುಚ್ಚುತ್ತದೆ. ನಡುವೆ ಆಗಸ್ಟ್ ಕೊನೆಯಲ್ಲಿ ಪ್ರತಿ ತಂಡವೂ 90 ಜನರಿಂದ 53ಕ್ಕೆ ಇಳಿಯಲೇಬೇಕು. ಆ ದಿನ ಹತ್ತಿರವಾದಷ್ಟೂ ನಿಮ್ಮ ಹೆಚ್ಚುವರಿಯ ಬೆಲೆ ಕುಸಿಯುತ್ತದೆ, ಏಕೆಂದರೆ ಹೇಗೂ ಕೈಬಿಡುವವನನ್ನು ದುಡ್ಡಿಲ್ಲದೆ ಪಡೆಯಬಹುದೆಂದು ಉಳಿದ 31 ತಂಡಗಳು ಕಾಯುತ್ತವೆ. ಮಾರುವವರು ಡ್ರಾಫ್ಟ್‌ಗೆ ಮುನ್ನ ಮಾರಬೇಕು. ಕೊಳ್ಳುವವರ ಮಟ್ಟಿಗೆ ಆಗಸ್ಟ್ ಕೊನೆ ಅಗ್ಗದ ಕಾಲವಾದರೂ ಆಗ ಸಿಗುವವರು ಸಾಮಾನ್ಯವಾಗಿ ಮೀಸಲು ಆಟಗಾರರು.

ಏಳನೆಯ ಹೆಜ್ಜೆ: ಸಹಿಗೆ ಮುಂಚೆ ನೋಡಬೇಕಾದವು

ಹ್ಯೂಸ್ಟನ್ ಟೆಕ್ಸನ್ಸ್ ತಂಡ 2017ರಿಂದ 2020ರವರೆಗೆ ಮಾಡಿದ್ದನ್ನು ಓದಿಕೊಂಡರೆ ಈ ಹೆಜ್ಜೆಗೆ ಬೇರೆ ಪಾಠ ಬೇಕಿಲ್ಲ. 2017ರ ಅಕ್ಟೋಬರ್ ಕೊನೆಯಲ್ಲಿ, ಒಪ್ಪಂದದ ವಿಚಾರದಲ್ಲಿ ಮುನಿಸಿಕೊಂಡಿದ್ದ ಎಡ ಟ್ಯಾಕಲ್ ಡುವೇನ್ ಬ್ರೌನ್‌ನನ್ನು ತಂಡ ಸಿಯಾಟಲ್‌ಗೆ ಕೊಟ್ಟಿತು. ಪ್ರತಿಯಾಗಿ ಬರಬೇಕಿದ್ದ ಕಾರ್ನರ್‌ಬ್ಯಾಕ್ ಜೆರೆಮಿ ಲೇನ್ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಾರಣ ಒಪ್ಪಂದವನ್ನು ಮತ್ತೆ ಬರೆಯಬೇಕಾಯಿತು, ಕೊನೆಗೆ ಮೂರನೇ ಮತ್ತು ಎರಡನೇ ಸುತ್ತಿನ ಆಯ್ಕೆಗಳು ಸಿಕ್ಕವು. ಎದುರಿನವನು ವೈದ್ಯಕೀಯ ಪರೀಕ್ಷೆ ದಾಟುವವರೆಗೆ ಯಾವ ಟ್ರೇಡೂ ಮುಗಿದದ್ದಲ್ಲ. ಮೊಣಕಾಲು, ಬೆನ್ನು ನೊಂದ ಭಾರಿ ದೇಹದ ಲೈನ್‌ಮನ್‌ಗಳ ವಿಷಯದಲ್ಲಂತೂ ಇದು ಬರಿಯ ಔಪಚಾರಿಕತೆಯಲ್ಲ.

ಬ್ರೌನ್ ಹೋದ ಮರುವರ್ಷವೇ ವಾಟ್ಸನ್ 62 ಸ್ಯಾಕ್‌ಗಳನ್ನು ಉಂಡ. 2019ರ ಆಗಸ್ಟ್ 31ರಂದು ಟೆಕ್ಸನ್ಸ್ ಒಂದೇ ದಿನ ಎರಡು ದೊಡ್ಡ ಟ್ರೇಡ್ ಮಾಡಿತು. ಒಂದರಲ್ಲಿ, 2014ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾಗಿದ್ದ ಜೆಡೇವಿಯನ್ ಕ್ಲೌನಿಯನ್ನು ಸಿಯಾಟಲ್‌ಗೆ ಕೊಟ್ಟು ಮೂರನೇ ಸುತ್ತಿನ ಒಂದು ಆಯ್ಕೆಯನ್ನೂ ಇಬ್ಬರು ಆಟಗಾರರನ್ನೂ ಪಡೆಯಿತು. ಇನ್ನೊಂದರಲ್ಲಿ, ಮಯಾಮಿಯಿಂದ ಎಡ ಟ್ಯಾಕಲ್ ಲಾರೆಮಿ ಟನ್ಸಿಲ್ ಮತ್ತು ರಿಸೀವರ್ ಕೆನಿ ಸ್ಟಿಲ್ಸ್ ಬಂದರು, ಅದಕ್ಕೆ ತೆತ್ತದ್ದರಲ್ಲಿ ಮೊದಲ ಸುತ್ತಿನ ಎರಡು ಮತ್ತು ಎರಡನೇ ಸುತ್ತಿನ ಒಂದು ಆಯ್ಕೆ ಸೇರಿದ್ದವು. ಡಿಫೆನ್ಸಿವ್ ಲೈನ್ ಕೊಟ್ಟು ಅಫೆನ್ಸಿವ್ ಲೈನ್ ಕೊಂಡದ್ದೇನೋ ಆಯಿತು, ಎರಡೂ ಬದಿಗಳಲ್ಲಿ ಬೆಲೆ ಕೆಟ್ಟಿತು.

ಕೆಟ್ಟದ್ದೇಕೆ ಎಂದು ಬಿಡಿಸಿ ನೋಡಬೇಕು. ಕ್ಲೌನಿಯ ಮೇಲೆ ಫ್ರಾಂಚೈಸ್ ಟ್ಯಾಗ್ (ಒಪ್ಪಂದ ಮುಗಿದ ಆಟಗಾರನನ್ನು ಒಂದು ವರ್ಷ ಉಳಿಸಿಕೊಳ್ಳುವ ತಂಡದ ಹಕ್ಕು) ಇತ್ತು, ಅವನು ಅದಕ್ಕೆ ಸಹಿ ಹಾಕಿರಲಿಲ್ಲ. ಸಹಿ ಹಾಕದವನನ್ನು ಟ್ರೇಡ್ ಮಾಡುವಂತಿಲ್ಲ, ಹಾಗಾಗಿ ಎಲ್ಲಿಗೆ ಹೋಗುವುದು ಎಂಬುದರಲ್ಲಿ ಅವನ ಮಾತಿಗೂ ತೂಕ ಬಂದಿತ್ತು. ಟ್ಯಾಗ್ ಆದವರೊಂದಿಗೆ ದೀರ್ಘ ಒಪ್ಪಂದ ಮಾಡಿಕೊಳ್ಳುವ ಜುಲೈ ಗಡುವು ದಾಟಿದ್ದರಿಂದ ಕೊಂಡವರಿಗೆ ಅವನು ಒಂದೇ ವರ್ಷಕ್ಕೆ ದಕ್ಕುತ್ತಿದ್ದ. ಇನ್ನು ಟನ್ಸಿಲ್ ವಿಷಯದಲ್ಲಿ, ಅವನೊಂದಿಗೆ ಹೊಸ ಒಪ್ಪಂದ ಕುದುರಿಸದೆಯೇ ಎರಡು ಮೊದಲ ಸುತ್ತುಗಳನ್ನು ತೆತ್ತ ತಂಡ ಆಮೇಲೆ ಅವನು ಕೇಳಿದ್ದನ್ನು ಇಲ್ಲವೆನ್ನುವ ಸ್ಥಿತಿಯಲ್ಲಿರಲಿಲ್ಲ. 2020ರ ಏಪ್ರಿಲ್‌ನಲ್ಲಿ, ಏಜೆಂಟನ ನೆರವಿಲ್ಲದೆ ತಾನೇ ಕುಳಿತು ಮಾತಾಡಿ, ಮೂರು ವರ್ಷಕ್ಕೆ 6.6 ಕೋಟಿ ಡಾಲರ್ ಗಿಟ್ಟಿಸಿದ. ಆ ಋತುವಿನಲ್ಲಿ ಟೆಕ್ಸನ್ಸ್ 4 ಗೆದ್ದು 12 ಸೋತಿದ್ದರಿಂದ ಮಯಾಮಿಗೆ ಹೋದ ಎರಡನೆಯ ಮೊದಲ ಸುತ್ತಿನ ಆಯ್ಕೆ 2021ರ ಡ್ರಾಫ್ಟ್‌ನ ಮೂರನೆಯ ಸ್ಥಾನವಾಗಿ ಪರಿಣಮಿಸಿತು. ಟನ್ಸಿಲ್ ಉತ್ತಮ ಟ್ಯಾಕಲ್ ಎಂಬುದರಲ್ಲಿ ಅನುಮಾನವಿಲ್ಲ, ಅವನ ಆಟದ ಬಗ್ಗೆ ತಂಡ ಮಾಡಿದ ಅಂದಾಜು ಸರಿಯಾಗಿತ್ತು, ಒಪ್ಪಂದದ ಲೆಕ್ಕ ತಪ್ಪಿತ್ತು.

ಆದ್ದರಿಂದ ಸಹಿಗೆ ಮುಂಚೆ ಬರುವವನ ಒಪ್ಪಂದ ಯಾವ ವರ್ಷಕ್ಕೆ ಮುಗಿಯುತ್ತದೆ, ವಿಸ್ತರಣೆಗೆ ಅವನು ಯಾವ ಮೊತ್ತಕ್ಕೆ ಒಪ್ಪುತ್ತಾನೆ ಎಂಬುದನ್ನು ಅವನ ತಂಡದ ಅನುಮತಿ ಪಡೆದು ತಿಳಿದುಕೊಳ್ಳಬೇಕು. ಕೊಡುವ ಆಯ್ಕೆ ಭವಿಷ್ಯದ್ದಾಗಿದ್ದರೆ, ನಿಮ್ಮ ತಂಡ ನೆಲಕಚ್ಚುವ ವರ್ಷದಲ್ಲಿ ಅದರ ಬೆಲೆ ಎಷ್ಟಾದೀತು ಎಂದು ಲೆಕ್ಕ ಹಾಕಿ, ಒಳ್ಳೆಯ ವರ್ಷದ ಬೆಲೆ ಎಲ್ಲರಿಗೂ ಗೊತ್ತಿರುತ್ತದೆ. ಹಿಲ್–ಪ್ರೈಸ್ ಟ್ರೇಡ್‌ನಲ್ಲೂ ಇಬ್ಬರ ಒಪ್ಪಂದಗಳೂ 2021ಕ್ಕೇ ಮುಗಿಯುವಂಥವು. ತಮ್ಮವನೊಂದಿಗೆ ಮುಂದುವರಿಯಲು ಬಯಸಿದ್ದು ಬೆಂಗಾಲ್ಸ್ ಮಾತ್ರ.

ಬಂದ ಮೇಲೆ

ಡಿಫೆನ್ಸಿವ್ ಲೈನ್‌ಮನ್ ಬಂದ ವಾರವೇ ಸರದಿಯಲ್ಲಿ ಹದಿನೈದು ಸ್ನ್ಯಾಪ್ ಆಡಬಲ್ಲ. ಅಫೆನ್ಸಿವ್ ಲೈನ್‌ಮನ್‌ಗೆ ಅದು ಸಾಧ್ಯವಿಲ್ಲ. ಪಕ್ಕದವನು ಯಾವಾಗ ಎದುರಾಳಿಯನ್ನು ತನಗೆ ದಾಟಿಸುತ್ತಾನೆ, ಕ್ವಾರ್ಟರ್‌ಬ್ಯಾಕ್ ಗದ್ದಲದಲ್ಲಿ ಯಾವ ಸಂಜ್ಞೆ ಕೊಡುತ್ತಾನೆ ಎಂಬುದನ್ನು ಅವನು ಒಗ್ಗಿಸಿಕೊಳ್ಳಬೇಕು, ಸೆಂಟರ್ ಆದರೆ ಆ ಕರೆಗಳನ್ನು ತಾನೇ ಕೂಗಬೇಕು. ಹೊಸಬನನ್ನು ಮೊದಲ ಪಂದ್ಯದಲ್ಲೇ ನಿಲ್ಲಿಸುವ ಆತುರ ಬೇಡ, ಅವನು ಕುದುರಿಕೊಳ್ಳುವವರೆಗೆ ಹಳೆಯ ಗಾರ್ಡ್‌ನನ್ನು ಪಟ್ಟಿಯಿಂದ ತೆಗೆಯಬೇಡಿ. ಒಬ್ಬ ಬಂದ ಮಾತ್ರಕ್ಕೆ ಉಳಿದ ನಾಲ್ಕು ಸ್ಥಾನಗಳನ್ನು ಮರೆಯುವುದೂ ಸಲ್ಲ: ಹಿಲ್‌ನನ್ನು ಗಳಿಸಿ ಸೂಪರ್ ಬೌಲ್‌ವರೆಗೆ ಹೋದ ಬೆಂಗಾಲ್ಸ್, ಆ ಪಂದ್ಯದಲ್ಲಿ ತನ್ನ ಕ್ವಾರ್ಟರ್‌ಬ್ಯಾಕ್ ಜೋ ಬರೋ ಏಳು ಬಾರಿ ಸ್ಯಾಕ್ ಆದದ್ದನ್ನು ನೋಡಿ, 20–23ರಿಂದ ಸೋತು, ಮರುತಿಂಗಳೇ ಅಫೆನ್ಸಿವ್ ಲೈನ್‌ಮನ್‌ಗಳನ್ನು ಕೊಳ್ಳಲು ಮಾರುಕಟ್ಟೆಗೆ ಇಳಿಯಿತು. ಅದಕ್ಕಾಗಿ ತನ್ನ ಡಿಫೆನ್ಸಿವ್ ಲೈನ್‌ನಿಂದ ಯಾರನ್ನೂ ಟ್ರೇಡ್ ಮಾಡಲಿಲ್ಲ.